ಹೊವಾರ್ಡ್ ಕೌಂಟಿಯ ಹೈಸ್ಕೂಲ್ ಗಡಿ ಜಗಳ: ಒಳಚರಂಡಿಯಿಂದ ಶಾಲಾ ಬಸ್ಸಿನವರೆಗೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಡುವೆ ಇರುವ ಹೊವಾರ್ಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮನೆ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಈ ಮನೆ ಯಾವ ಹೈಸ್ಕೂಲಿಗೆ ಬೀಳುತ್ತೆ?’ ಎಂದು. ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳೂ ಅದನ್ನೇ ಕೇಳುತ್ತವೆ. ನಮ್ಮಲ್ಲಿ ಆರ್‌ಟಿಇ ಸೀಟಿಗೆ ವಾರ್ಡ್ ನೋಡುವ ಹಾಗೆ ಅಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಮನೆ ವಿಳಾಸ ನೋಡುತ್ತಾರೆ. ಬೀದಿಯ ಈ ಬದಿಯವರಿಗೆ ಒಂದು ಶಾಲೆ, ಆ ಬದಿಯವರಿಗೆ ಇನ್ನೊಂದು. ಈ ಗೆರೆಯನ್ನು ಸರಿಸಲು ಹೋದಾಗಲೆಲ್ಲ ಊರು ಎರಡಾಗಿದೆ. 2019ರಲ್ಲಿ ಆದದ್ದು ದೇಶದ ಪತ್ರಿಕೆಗಳವರೆಗೂ ಹೋಯಿತು.

ಮೇರಿಲ್ಯಾಂಡ್‌ನಲ್ಲಿ ಇಡೀ ಕೌಂಟಿಗೆ ಒಂದೇ ಶಾಲಾ ವ್ಯವಸ್ಥೆ. ಹಾಗಾಗಿ ಬಡ ಊರಿಗೊಂದು ಮಂಡಳಿ, ಸಿರಿವಂತ ಊರಿಗೊಂದು ಮಂಡಳಿ ಎಂಬ ಗೋಡೆ ಇಲ್ಲಿಲ್ಲ. ಚುನಾಯಿತ ಶಾಲಾ ಮಂಡಳಿ ಮನಸ್ಸು ಮಾಡಿದರೆ ಕೌಂಟಿಯೊಳಗಿನ ಯಾವ ಗೆರೆಯನ್ನಾದರೂ ಅಳಿಸಿ ಬರೆಯಬಹುದು. ಜಗಳಕ್ಕೆ ಆಸ್ಪದ ಹುಟ್ಟುವುದೇ ಈ ಅಧಿಕಾರದಿಂದ.

ಹಳೆಯ ಕತೆ ಚಿಕ್ಕದಾಗಿ ಹೇಳುವುದಾದರೆ: 1954ರಲ್ಲಿ ಸುಪ್ರೀಂ ಕೋರ್ಟ್ ವರ್ಣಭೇದದ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ಆದರೂ ಈ ಕೌಂಟಿಯ ಕಪ್ಪು ಮಕ್ಕಳಿಗೆ ಇದ್ದ ಏಕೈಕ ಹೈಸ್ಕೂಲು, ಹ್ಯಾರಿಯೆಟ್ ಟಬ್ಮನ್ ಶಾಲೆ, ಮುಚ್ಚಿದ್ದು 1965ರಲ್ಲಿ. ಎರಡು ವರ್ಷದ ನಂತರ ಜೇಮ್ಸ್ ರೌಸ್ ಎಂಬ ಬಿಲ್ಡರ್ ಕೊಲಂಬಿಯಾ ಎಂಬ ಯೋಜಿತ ನಗರವನ್ನು ತೆರೆದರು. ಎಲ್ಲ ಬಣ್ಣದವರೂ, ಎಲ್ಲ ವರಮಾನದವರೂ ಅಕ್ಕಪಕ್ಕ ಬದುಕಲಿ ಎಂಬುದು ಅದರ ಆಶಯ. 2007ರಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು, ಮಗುವಿನ ಜನಾಂಗ ನೋಡಿ ಶಾಲೆ ಹಂಚುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಅಲ್ಲಿಂದ ಮುಂದೆ ಶಾಲಾಡಳಿತಗಳು ನೋಡತೊಡಗಿದ್ದು ವರಮಾನವನ್ನು. ಕೇಂದ್ರ ಸರ್ಕಾರದ ಬಡತನ ರೇಖೆಯ 185 ಶೇಕಡಾದೊಳಗೆ ವರಮಾನ ಇರುವ ಮನೆಯ ಮಕ್ಕಳಿಗೆ ಊಟ ಉಚಿತ ಅಥವಾ ರಿಯಾಯಿತಿ. ಆ ಊಟದ ಪಟ್ಟಿಯೇ ಬಡತನದ ಅಳತೆಗೋಲು.

ಈ ಜಗಳದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ಗೆರೆ ಇದೆ: ಒಳಚರಂಡಿಯದು. ಕೌಂಟಿಯ ಪೂರ್ವ ಭಾಗಕ್ಕೆ ಸಾರ್ವಜನಿಕ ನೀರು, ಒಳಚರಂಡಿ ಇದೆ. ಪಶ್ಚಿಮದ ದೊಡ್ಡ ಪಾಲಿಗೆ ಇಲ್ಲ. ಅಲ್ಲಿ ಬೋರ್‌ವೆಲ್ ಮತ್ತು ಸೆಪ್ಟಿಕ್ ಟ್ಯಾಂಕ್. ಸೆಪ್ಟಿಕ್ ಟ್ಯಾಂಕಿನ ನೀರು ಇಂಗಲು ಜಾಗ ಬೇಕು, ಜೊತೆಗೆ ಕೃಷಿಭೂಮಿ ಉಳಿಸುವ ನಿಯಮ ಬೇರೆ. ಹೀಗಾಗಿ ಅಲ್ಲಿ ಬಾಡಿಗೆ ಅಪಾರ್ಟ್‌ಮೆಂಟ್ ಏಳುವ ಹಾಗೇ ಇಲ್ಲ. ಏಳುವುದು ಎಕರೆಗಟ್ಟಲೆ ಜಾಗದ ಒಂಟಿ ಮನೆಗಳು. ಬಾಡಿಗೆ ಮನೆಗಳೆಲ್ಲ ಕೊಲಂಬಿಯಾದಲ್ಲಿ ವಿಲೇಜ್ ಎಂದು ಕರೆಯುವ ಹಳೆಯ ಬಡಾವಣೆಗಳಲ್ಲಿ ಮತ್ತು ರೂಟ್ 1 ಹೆದ್ದಾರಿಯ ಆಸುಪಾಸಿನಲ್ಲಿ ಸೇರಿಕೊಂಡವು. ಶಾಲಾ ಮಂಡಳಿ ನಕ್ಷೆ ಬಿಚ್ಚುವ ಹೊತ್ತಿಗೆ ಯಾರು ಎಲ್ಲಿ ಬದುಕಬೇಕು ಎಂಬುದನ್ನು ಕೊಳವೆಗಳು ತೀರ್ಮಾನಿಸಿ ದಶಕಗಳಾಗಿದ್ದವು. ಶಾಲೆಯ ಗಡಿ ಬದಲಿಸಬೇಕೆಂದು ಸಭೆಗೆ ಬರುವವರಲ್ಲಿ ಕೆಲವರಾದರೂ ಒಳಚರಂಡಿ ವಿಸ್ತರಣೆಯ ಸಭೆಗೂ ಬಂದಿದ್ದರೆ ಚೆನ್ನಾಗಿತ್ತು. ಅಲ್ಲಿ ಕುರ್ಚಿಗಳು ಖಾಲಿ ಇರುತ್ತವೆ.

2019ರ ಹೊತ್ತಿಗೆ ಎರಡು ಸಮಸ್ಯೆ ಒಟ್ಟಿಗೆ ಬಂದವು. ಶಾಲೆಯೊಂದು ಸಾಮರ್ಥ್ಯದ 90ರಿಂದ 110 ಶೇಕಡಾ ಒಳಗಿರಬೇಕು ಎಂದು ಮಂಡಳಿಯ ನಿಯಮ. ಹೊವಾರ್ಡ್ ಹೈಸ್ಕೂಲು 130ನ್ನೂ ದಾಟಿತ್ತು. ಆಟದ ಮೈದಾನದ ಅಂಚಿಗೆ ತಂದಿಟ್ಟ ಪೋರ್ಟಬಲ್ ಕೊಠಡಿಗಳು ಸಾಮರ್ಥ್ಯದ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳು ಕೂರುತ್ತಾರೆ, ಆದರೆ ಕಾಗದದ ಮೇಲೆ ಶಾಲೆ ಕಿಕ್ಕಿರಿದೇ ಇರುತ್ತದೆ. ಇನ್ನೊಂದೆಡೆ, ಊಟದ ಪಟ್ಟಿಯಲ್ಲಿರುವ ಮಕ್ಕಳು ಪಶ್ಚಿಮದ ಕೆಲವು ಶಾಲೆಗಳಲ್ಲಿ ತೀರಾ ವಿರಳ, ಕೊಲಂಬಿಯಾದ ಕೆಲವು ಶಾಲೆಗಳಲ್ಲಿ 40 ಶೇಕಡಾ ಆಸುಪಾಸು.

ಆ ಆಗಸ್ಟ್‌ನಲ್ಲಿ ಸೂಪರಿಂಟೆಂಡೆಂಟ್, ಅಂದರೆ ಕೌಂಟಿಯ ಶಾಲಾಡಳಿತದ ಮುಖ್ಯಸ್ಥರಾಗಿದ್ದ ಮೈಕಲ್ ಮಾರ್ಟಿರಾನೊ ಸುಮಾರು 7,400 ಮಕ್ಕಳ ಶಾಲೆ ಬದಲಿಸುವ ಯೋಜನೆ ಮುಂದಿಟ್ಟರು. ಉದ್ದೇಶ ಮೂರು: ಕಿಕ್ಕಿರಿದ ಶಾಲೆಗಳನ್ನು ಹಗುರ ಮಾಡುವುದು, ಬಡತನದ ಹಂಚಿಕೆಯನ್ನು ಸಮ ಮಾಡುವುದು, ಮುಂದೆ ಬರಲಿದ್ದ 13ನೇ ಹೈಸ್ಕೂಲಿಗೆ ದಾರಿ ಮಾಡುವುದು. ಮೊದಲನೆಯದು ಮಾತ್ರ ಇದ್ದಿದ್ದರೆ ಎಂದಿನ ಗೊಣಗಾಟದಲ್ಲಿ ಮುಗಿಯುತ್ತಿತ್ತೇನೋ. ಎರಡನೆಯದು ಬೆಂಕಿ ಹಚ್ಚಿತು. ವಿಚಾರಣೆಗಳು ರಾತ್ರಿಯವರೆಗೆ ನಡೆದವು, ಬೀದಿ ಮೆರವಣಿಗೆಗಳಾದವು. ‘ಚೂಸ್ ಸಿವಿಲಿಟಿ’, ಅಂದರೆ ಸಭ್ಯರಾಗಿರಿ ಎಂಬ ಹಸಿರು ಸ್ಟಿಕ್ಕರ್ ಕಾರುಗಳಿಗೆ ಅಂಟಿಸಿಕೊಳ್ಳುವ ಕೌಂಟಿ ಅದು. ಆ ವರ್ಷ ಮಂಡಳಿಗೆ ಬಂದ ಕೆಲವು ಪತ್ರಗಳ ಭಾಷೆಗೂ ಆ ಸ್ಟಿಕ್ಕರಿಗೂ ಸಂಬಂಧವಿರಲಿಲ್ಲ.

ವಿರೋಧಿಸಿದವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಹತ್ತಿರದ ಶಾಲೆ ದಾಟಿ ದೂರದ ಶಾಲೆಗೆ ಬಸ್ಸು ಹತ್ತಬೇಕು, ನಿದ್ದೆ ಕೆಡುತ್ತದೆ, ಸಂಜೆಯ ಆಟ ತಪ್ಪುತ್ತದೆ. ಆದರೆ ದೂರದ ಚಿಂತೆ ಎಲ್ಲ ದಿಕ್ಕಿಗೂ ಒಂದೇ ಸಮ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹೆಸರಾದ ಶಾಲೆಗೆ ಹೋಗುವುದಾದರೆ ಅಷ್ಟೇ ಮೈಲಿ ಕಡಿಮೆ ಅನ್ನಿಸುತ್ತವೆ.

ಬಡತನ ಸಮ ಮಾಡುವ ಲೆಕ್ಕವೂ ಅಂದುಕೊಂಡಷ್ಟು ಸುಲಭವಲ್ಲ. 1,500 ಮಕ್ಕಳ ಶಾಲೆಯೊಂದರಲ್ಲಿ 40 ಶೇಕಡಾ, ಅಂದರೆ 600 ಮಕ್ಕಳು ಊಟದ ಪಟ್ಟಿಯಲ್ಲಿದ್ದಾರೆ ಎಂದುಕೊಳ್ಳಿ. 5 ಶೇಕಡಾ ಇರುವ ಪಕ್ಕದ ಶಾಲೆಯೊಂದಿಗೆ 200 ಮಕ್ಕಳನ್ನು ಅದಲುಬದಲು ಮಾಡಿದರೆ ಸರಾಸರಿ 80 ಮಂದಿ ಹೋಗಿ 10 ಮಂದಿ ಬರುತ್ತಾರೆ. ಉಳಿಯುವುದು 530, ಅಂದರೆ 35 ಶೇಕಡಾ ಚಿಲ್ಲರೆ. 400 ಮನೆಗಳ ಕೋಪ ಕಟ್ಟಿಕೊಂಡು ಇಳಿದದ್ದು ಐದಕ್ಕಿಂತ ಕಡಿಮೆ. ಇನ್ನೂ ಇಳಿಸಬೇಕಾದರೆ ಅಪಾರ್ಟ್‌ಮೆಂಟ್ ಇರುವ ತುಂಡುಗಳನ್ನೇ ಆರಿಸಿ ಸಾಗಿಸಬೇಕು. ಆಗ ಪ್ರತಿ ಸಲ ಬಸ್ಸು ಹತ್ತುವುದು ಬಡ ಮಕ್ಕಳೇ.

ಈ ತುಂಡುಗಳಿಗೆ ಅಲ್ಲಿ ಪಾಲಿಗನ್ ಎನ್ನುತ್ತಾರೆ. ಕೌಂಟಿಯನ್ನು ನಂಬರ್ ಹಾಕಿದ ನೂರಾರು ಪಾಲಿಗನ್ ಮಾಡಿ ಒಂದೊಂದರಲ್ಲೂ ಮುಂದೆ ಎಷ್ಟು ಮಕ್ಕಳು ಎಂದು ಅಂದಾಜು ಹಾಕುತ್ತಾರೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಹಳೆಯ ಮನೆಗಳಲ್ಲಿ. ಹೊಸ ಕಟ್ಟಡಕ್ಕೆ ಪರವಾನಗಿ ಇರುತ್ತದೆ, ಎಣಿಸಬಹುದು. ಮಕ್ಕಳು ದೊಡ್ಡವರಾಗಿ ಹೋದ ದಂಪತಿ ಮನೆ ಮಾರಿ, ಇಬ್ಬರು ಮಕ್ಕಳ ಕುಟುಂಬ ಅಲ್ಲಿಗೆ ಬಂದರೆ ಅದಕ್ಕೆ ಮುನ್ಸೂಚನೆ ಇಲ್ಲ. ಇದರ ಮೇಲೆ ‘ಫೀಡ್’ ಎಂಬ ನಿಯಮ: ಕೆಳಗಿನ ಶಾಲೆಯಿಂದ ಬರುವ ಗುಂಪು ಹೊಸ ಶಾಲೆಯ 15 ಶೇಕಡಾಗಿಂತ ಚಿಕ್ಕದಾಗದಂತೆ ನೋಡಬೇಕು. 1,500 ಮಕ್ಕಳ ಹೈಸ್ಕೂಲಿನಲ್ಲಿ ಅದು 225, ನಾಲ್ಕು ತರಗತಿಗೆ ಹಂಚಿದರೆ ತಲಾ 56 ಮಂದಿ. ಅದಕ್ಕಿಂತ ಕಡಿಮೆಯಾದರೆ ಮಗು ಗೆಳೆಯರಿಲ್ಲದೆ ಒಂಟಿ. ಹಾಗಾಗಿ ಒಂದು ಪಾಲಿಗನ್ ಅಲುಗಿಸಿದರೆ ಫೀಡ್ ಉಳಿಸಲು ಪಕ್ಕದ್ದನ್ನೂ ಅಲುಗಿಸಬೇಕು. ಅದು ಹೋಗಿ ಸೇರಿದ ಶಾಲೆ ತುಂಬುತ್ತದೆ, ಅಲ್ಲಿಂದ ಇನ್ನೊಂದನ್ನು ಹೊರಗೆ ತಳ್ಳಬೇಕು.

ಕೊನೆಗೆ 2019ರ ನವೆಂಬರ್‌ನಲ್ಲಿ ಮಂಡಳಿ ಒಪ್ಪಿದ್ದು ಸುಮಾರು 5,400 ಮಕ್ಕಳ ಬದಲಾವಣೆ. ವಿರೋಧಿಸಿದವರು ಕೋರ್ಟಿಗೂ ಹೋದರು, ಯೋಜನೆ ನಿಲ್ಲಲಿಲ್ಲ. 2020ರಲ್ಲಿ ಹೊಸ ಗಡಿ ಜಾರಿಗೆ ಬಂದಾಗ ಕೋವಿಡ್. ಅಷ್ಟು ಕಾದಾಡಿ ಪಡೆದ ಅಥವಾ ಕಳೆದುಕೊಂಡ ಶಾಲೆಯ ಪಾಠವನ್ನು ಮಕ್ಕಳು ಊಟದ ಮೇಜಿನ ಲ್ಯಾಪ್‌ಟಾಪ್‌ನಲ್ಲಿ ಕೇಳಿದರು. ಬದಲಾವಣೆಯ ಫಲ ಏನು ಎಂದು ಅಳೆಯಬೇಕಿದ್ದ ಮೊದಲ ವರ್ಷ ಹಾಗೆ ಹೋಯಿತು.

13ನೇ ಹೈಸ್ಕೂಲು, ಗಿಲ್ಫರ್ಡ್ ಪಾರ್ಕ್, 2023ರಲ್ಲಿ ಜೆಸಪ್‌ನಲ್ಲಿ ತೆರೆಯಿತು. ಅದಕ್ಕಾಗಿ 2022ರಲ್ಲಿ ಮತ್ತೊಂದು ಸುತ್ತು ಗಡಿ ಬದಲಾವಣೆ ಆಗಿತ್ತು. ಹೊಸ ಕಟ್ಟಡ ತುಂಬಿಸುವ ಸುತ್ತು ಯಾವಾಗಲೂ ಸ್ವಲ್ಪ ತಣ್ಣಗಿರುತ್ತದೆ. ಆ ಶಾಲೆ ತೆರೆದ 2023ರ ಆಗಸ್ಟ್‌ನಲ್ಲೇ ಹೈಸ್ಕೂಲ್ ಮಕ್ಕಳು ನಡೆದೇ ಬರಬೇಕಾದ ದೂರವನ್ನು 2 ಮೈಲಿಗೆ ಏರಿಸಿದರು. ಬಸ್ ವ್ಯವಸ್ಥೆ ಬದಲಾಗಿ ಮೊದಲ ವಾರವೇ ಹಲವು ಮಾರ್ಗಗಳಲ್ಲಿ ಬಸ್ಸು ಬರಲಿಲ್ಲ. ಗಡಿ ಎಲ್ಲಿ ಎಳೆದರೂ ಡ್ರೈವರ್ ಸಿಗದಿದ್ದರೆ ನಕ್ಷೆ ಗೋಡೆಯ ಮೇಲೇ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಾದದ್ದು ಆಗ.

ಈಗಲೂ ಶಾಲೆಗಳ ಸಾಮರ್ಥ್ಯ, ಮುಂದಿನ ವರ್ಷಗಳ ಅಂದಾಜು ಮತ್ತು ಗಡಿ ಆಯ್ಕೆಗಳನ್ನು ಪರಿಶೀಲಿಸುವ ವರದಿಗಳು ಹೊರಬರುತ್ತಲೇ ಇವೆ. ಮನೆ ನೋಡುವವರು ರಿಯಲ್ ಎಸ್ಟೇಟ್ ಜಾಹೀರಾತಿನ ಶಾಲೆಯ ಹೆಸರು ನಂಬುವ ಬದಲು ವಿಳಾಸದ ಪಾಲಿಗನ್ ನಂಬರ್ ತಿಳಿದುಕೊಂಡು ಆ ವರದಿಯಲ್ಲಿ ಹುಡುಕುವುದು ಒಳ್ಳೆಯದು. ಶಾಲೆ 110 ಶೇಕಡಾ ದಾಟಿ, ಪಾಲಿಗನ್ ಗಡಿಯ ಅಂಚಿನಲ್ಲಿದ್ದರೆ ಮುಂದಿನ ಸುತ್ತಿನಲ್ಲಿ ಅದರ ಸರದಿ ಬರುವ ಸಾಧ್ಯತೆ ಹೆಚ್ಚು.