ಬೆಂಗಳೂರಿನ ಗೋಡೆಚಿತ್ರಗಳು ಯಾಕೆ ಉದುರುತ್ತವೆ

2009ರಲ್ಲಿ ಬಿಬಿಎಂಪಿ ಬೆಂಗಳೂರಿನ ರಸ್ತೆಬದಿ ಗೋಡೆಗಳ ಮೇಲೆ ಚಿತ್ರ ಬರೆಸಲು ಶುರು ಮಾಡಿತು. ಹಂಪಿಯ ಕಲ್ಲಿನ ರಥ, ಜೋಗ, ಯಕ್ಷಗಾನದ ವೇಷ, ಆನೆ, ಹುಲಿ ಒಂದಾದ ಮೇಲೊಂದು ಗೋಡೆ ಏರಿದವು. ಈ ಕೆಲಸ ಹೆಚ್ಚಾಗಿ ಸಿಕ್ಕಿದ್ದು ಸಿನಿಮಾ ಬ್ಯಾನರ್ ಮತ್ತು ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರ್‌ಗಳಿಗೆ. ವಾರಗಟ್ಟಲೆ ಕೂತು ಬರೆಯುತ್ತಿದ್ದ ಕಟೌಟನ್ನು ಫ್ಲೆಕ್ಸ್ ಯಂತ್ರ ಕೆಲವೇ ಗಂಟೆಗಳಲ್ಲಿ ಮುದ್ರಿಸಿ ಕೊಡಲು ಶುರುವಾದ ಮೇಲೆ ಅವರ ಕೈಗೆ ಕೆಲಸವೇ ಉಳಿದಿರಲಿಲ್ಲ. ಊರಿನ ಅಂದ ಮತ್ತು ಕಲಾವಿದರ ಅನ್ನ, ಎರಡನ್ನೂ ಒಂದೇ ಖರ್ಚಿನಲ್ಲಿ ನೋಡಿಕೊಂಡ ಯೋಜನೆ ಅದು. ಆದರೂ ಆ ಚಿತ್ರಗಳಲ್ಲಿ ಎಷ್ಟೋ ಕೆಲವೇ ಮಳೆಗಾಲದಲ್ಲಿ ಹೊಪ್ಪಳೆ ಎದ್ದು ಉದುರಿದವು.

ಗೋಡೆ ಅಂದಗೆಡದಂತೆ ಕಾಯುವ ಪ್ರಯತ್ನ ಅದಕ್ಕಿಂತ ಹಳೆಯದು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕ 1981ರಲ್ಲೇ ಕಾಯ್ದೆ ತಂದಿತು. ಅನುಮತಿಯಿಲ್ಲದೆ ಪೋಸ್ಟರ್ ಅಂಟಿಸಿದರೆ, ಗೋಡೆಬರಹ ಬರೆದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾತ್ರಿ ಎರಡು ಗಂಟೆಗೆ ಬಕೆಟ್ ಮೈದಾ ಅಂಟು ಹಿಡಿದು ಬರುವವನನ್ನು ಹಿಡಿಯುವವರು ಯಾರು? ಹಿಡಿದರೂ ಸಿಗುವವನು ಕೂಲಿಯವನು, ಪೋಸ್ಟರ್‌ನಲ್ಲಿ ನಗುತ್ತಿರುವವನಲ್ಲ. ಹಾಗಾಗಿ ಖಾಲಿ ಗೋಡೆಯನ್ನೇ ಬಿಡಬಾರದು, ಚಿತ್ರವಿದ್ದರೆ ಅದರ ಮೇಲೆ ಅಂಟಿಸಲು ಜನ ಹಿಂಜರಿಯುತ್ತಾರೆ ಎಂಬ ಲೆಕ್ಕ ಹುಟ್ಟಿತು. ಲೆಕ್ಕ ತಪ್ಪೇನಲ್ಲ. ಎಡವಿದ್ದು ಬಣ್ಣ ಹಚ್ಚುವುದಕ್ಕೆ ಮುಂಚಿನ ಕೆಲಸದಲ್ಲಿ.

ಹಳೆಯ ಪೋಸ್ಟರ್ ಕಿತ್ತರೂ ಮೈದಾ ಅಂಟು ಗೋಡೆಯಲ್ಲಿ ಉಳಿಯುತ್ತದೆ. ಅದರ ಮೇಲೆ ನೇರವಾಗಿ ಬಣ್ಣ ಬಳಿದರೆ ಮೊದಲ ಮಳೆಗೇ ಒಳಗೆ ಕಪ್ಪು ಬೂಷ್ಟು ಹಿಡಿದು ಬಣ್ಣದ ಪದರ ಹಾಳೆಯಂತೆ ಎದ್ದುಬರುತ್ತದೆ. ಬಿಸಿನೀರು ಎರಚಿ, ನೆನೆಯಲು ಬಿಟ್ಟು, ಲೋಹದ ಪಟ್ಟಿಯಿಂದ ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ, ಮತ್ತೆ ತೊಳೆದು ಪೂರ್ತಿ ಒಣಗಿಸಬೇಕು. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಕಾಯಲೇಬೇಕು. ಹಸಿ ಗಾರೆಯ ಕ್ಷಾರ ಬಣ್ಣವನ್ನು ತಿಂದುಹಾಕುತ್ತದೆ. ಉದ್ಘಾಟನೆಯ ದಿನ ಗೊತ್ತಾಗಿಬಿಟ್ಟಿರುವಾಗ ಮೊದಲು ಕತ್ತರಿ ಬೀಳುವುದು ಈ 28 ದಿನಕ್ಕೇ.

ಬಣ್ಣದ ಆಯ್ಕೆಯೂ ಕೈಕೊಡುತ್ತದೆ. ಬೋರ್ಡು ಬರೆದು ಪಳಗಿದವರಿಗೆ ಎನಾಮೆಲ್ ಎಂಬ ಹೊಳಪಿನ ಎಣ್ಣೆಬಣ್ಣದ ಮೇಲೆ ಪ್ರೀತಿ. ತಗಡಿನ ಮೇಲೆ ಅದು ಹೊಳೆಯುತ್ತದೆ, ಬಾಳುತ್ತದೆ. ಗಾರೆ ಗೋಡೆಯ ಒಳತೇವ ಮಾತ್ರ ಎನಾಮೆಲ್ ದಾಟಿ ಹೊರಬರಲಾರದೆ ಗುಳ್ಳೆ ಎಬ್ಬಿಸುತ್ತದೆ. ಹೊರಗೋಡೆಗೆ ಬೇಕಾದದ್ದು ಒಂದು ಕೋಟು ಪ್ರೈಮರ್, ಅದರ ಮೇಲೆ ಎರಡು ಕೋಟು ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಯ ನೀರುಬಣ್ಣ), ನಡುವೆ ನಾಲ್ಕು ಗಂಟೆ ಬಿಡುವು. ನೂರಡಿ ಉದ್ದ, ಆರಡಿ ಎತ್ತರದ ಗೋಡೆಗೆ ಎರಡು ಕೋಟಿನ ತಳಬಣ್ಣವೇ ಸುಮಾರು 10ರಿಂದ 12 ಲೀಟರ್ ಹಿಡಿಯುತ್ತದೆ. ಅದು ಒಣಗಿದ ಮೇಲೆ ಬಣ್ಣದಪುಡಿ ಮೆತ್ತಿದ ದಾರವನ್ನು ಎಳೆದು ಬಿಟ್ಟು ಅಡಿಗೊಂದು ಗೆರೆ ಮೂಡಿಸುತ್ತಾರೆ; ಕಾಗದದ ಮೇಲಿನ ಒಂದು ಇಂಚು ಗೋಡೆಯ ಮೇಲೆ ಒಂದು ಅಡಿ. ಮುಖ ಎಷ್ಟೇ ದೊಡ್ಡದಿದ್ದರೂ ಕಣ್ಣು ಮೂಗು ಜಾಗ ತಪ್ಪದಿರುವುದು ಈ ಚೌಕಗಳಿಂದ. ಬ್ಯಾನರ್ ಪೇಂಟರ್‌ಗಳಿಗೆ ಇದು ಕರಗತ ವಿದ್ಯೆ.

ಅಂಡರ್‌ಪಾಸ್, ಮೇಲ್ಸೇತುವೆಗಳ ಪಕ್ಕದಲ್ಲಿ ಮಣ್ಣು ತಡೆದು ನಿಂತ ಗೋಡೆಗಳ ಕತೆ ಬೇರೆ. ಹಿಂದಿನ ಮಣ್ಣಿನ ನೀರು ಬಸಿದುಹೋಗಲು ಅಲ್ಲಿ ತೂತುಗಳಿರುತ್ತವೆ. ಚಿತ್ರ ಚೆಂದ ಕಾಣಲೆಂದು ಅವನ್ನು ಗಾರೆಯಿಂದ ಮುಚ್ಚಿದರೆ ನೀರು ಗೋಡೆಯ ಮೈಯಿಂದಲೇ ಜಿನುಗಿ, ಬಿಳಿ ಉಪ್ಪು ಹೊರಬಂದು, ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ತೂತು ಮುಚ್ಚಿದವರು ಗೋಡೆಗೇ ಅಪಾಯ ತಂದಂತೆ.

ಇನ್ನು ಗೋಡೆಯ ಬುಡ. ಕಸ, ಮೂತ್ರ, ಎಲೆಅಡಿಕೆ ಉಗುಳು, ಬಸ್ಸು ಎರಚುವ ಕೆಸರು, ಎಲ್ಲ ಬೀಳುವುದು ಕೆಳಗಿನ ಎರಡು ಮೂರು ಅಡಿಗೆ. 2010ರ ನಂತರ ಹೆಸರಾದ 'ದಿ ಅಗ್ಲಿ ಇಂಡಿಯನ್' ಎಂಬ, ಬೀದಿ ಚೊಕ್ಕಟ ಮಾಡುವ ಸ್ವಯಂಸೇವಕರ ಗುಂಪು ಇದನ್ನು ಸರಿಯಾಗಿ ಗುರುತಿಸಿತು. ಅವರು ಮೊದಲು ಕಸ ತೆಗೆದು, ಫುಟ್‌ಪಾತ್ ಕಲ್ಲು ಸರಿಪಡಿಸಿ, ಗೋಡೆಯ ಬುಡಕ್ಕೆ ಕಾವಿ ಬಣ್ಣದ ಪಟ್ಟಿ ಬಳಿಯುತ್ತಿದ್ದರು. ಕೊಳೆ ಎದ್ದು ಕಾಣದ ಬಣ್ಣ ಅದು. ಕೆಟ್ಟರೂ ಒಂದು ಡಬ್ಬಿಯಿಂದ ಯಾರು ಬೇಕಾದರೂ ತಿದ್ದಬಹುದು. ಬುಡದವರೆಗೂ ದೇವಸ್ಥಾನ, ನೃತ್ಯದ ಭಂಗಿ ಬರೆಸಿದ ಕಡೆ ಹಾಗೆ ತಿದ್ದಲು ಆಗುವುದಿಲ್ಲ.

ಫ್ಲೆಕ್ಸ್ ಕಡೆಗೆ ಬಂದರೆ, 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರದ ಪ್ಲಾಸ್ಟಿಕ್ ನಿಷೇಧದಲ್ಲಿ ಅದೂ ಸೇರಿತು. ಊರಿನ ಕಂಬಗಳು ಖಾಲಿಯಾಗಲು ಮಾತ್ರ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಬೇಕಾಯಿತು. ಆ ಖಾಲಿತನ ಬಹುಕಾಲ ಉಳಿಯಲಿಲ್ಲ.

ಇಷ್ಟರ ನಡುವೆ ಗಟ್ಟಿಯಾಗಿ ನಿಂತದ್ದು ಚಿತ್ರಸಂತೆ. 2003ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಶುರು ಮಾಡಿದ ಈ ಸಂತೆಗೆ ವರ್ಷಕ್ಕೊಂದು ಭಾನುವಾರ, ಸಾಮಾನ್ಯವಾಗಿ ಜನವರಿಯಲ್ಲಿ, ಕುಮಾರಕೃಪಾ ರಸ್ತೆಯ ವಾಹನ ಸಂಚಾರ ನಿಲ್ಲುತ್ತದೆ. ಕಲಾವಿದರು ರಸ್ತೆಬದಿಯಲ್ಲೇ ಚಿತ್ರಗಳನ್ನು ಸಾಲಾಗಿ ಇಟ್ಟು, ಮಧ್ಯವರ್ತಿಯಿಲ್ಲದೆ ಕೊಳ್ಳುವವರೊಡನೆ ತಾವೇ ಮಾತಾಡುತ್ತಾರೆ. ಇಲ್ಲಿ ನಗರ ಕೊಡುವುದು ರಸ್ತೆ, ಪೊಲೀಸ್ ಬಂದೋಬಸ್ತು, ಕಸ ಎತ್ತುವ ವ್ಯವಸ್ಥೆ. ಯಾವ ಚಿತ್ರ, ಯಾವ ಬಣ್ಣ ಎಂಬುದು ಕಲಾವಿದರಿಗೇ ಬಿಟ್ಟದ್ದು. ಕಲೆಗೆ ಆಡಳಿತ ಮಾಡಬಹುದಾದ ಒಳ್ಳೆಯ ಸಹಾಯ ಇದೇ ಎಂದು ನಾವು ನಂಬುತ್ತೇವೆ.

ಗೋಡೆಚಿತ್ರದ ಟೆಂಡರ್‌ಗೆ ಬೇಕಾದದ್ದೂ ಇಂಥದೇ ತಿಳಿವಳಿಕೆ. ಬರೀ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಪೇಂಟರ್ ಆಕಾಶವನ್ನೇ ದೊಡ್ಡದಾಗಿ ಬರೆದು ಮುಗಿಸಬೇಕಾಗುತ್ತದೆ. ಮುಖ, ಬೆರಳು, ಆಭರಣಕ್ಕೆ ಹಿಡಿಯುವ ಹೊತ್ತಿಗೆ ಕೂಲಿಯೇ ಇಲ್ಲ. ಗೋಡೆ ಸಿದ್ಧಮಾಡುವ ಖರ್ಚನ್ನು ಬೇರೆ ಬಾಬ್ತಿನಲ್ಲಿ ತೋರಿಸಿ, ಒಣಗಿದೆಯೆಂದು ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆಯೇ ಬರವಣಿಗೆ ಶುರುವಾಗಲಿ. ಕೆಲಸ ನವೆಂಬರ್‌ನಿಂದ ಫೆಬ್ರುವರಿಯೊಳಗೆ ನಡೆಯಲಿ. ಮಳೆಗಾಲ ಮುಗಿದ ಕೂಡಲೇ ಬಂದು ತಿದ್ದುವ ಕೆಲಸವನ್ನು ಬರೆದ ಪೇಂಟರ್‌ಗೇ ಎರಡು ವರ್ಷದ ಮಟ್ಟಿಗೆ, ದುಡ್ಡು ಸಮೇತ, ಕರಾರಿನಲ್ಲೇ ಸೇರಿಸಬೇಕು. ಯಾವ ಬಣ್ಣಕ್ಕೆ ಯಾವ ಸ್ಟೇನರ್ (ಛಾಯೆ ತರಲು ಬೆರೆಸುವ ಗಾಢ ಬಣ್ಣ) ಎಷ್ಟು ಬೆರೆಸಿತ್ತು ಎಂಬ ಚೀಟಿ ವಾರ್ಡ್ ಕಚೇರಿಯ ಕಡತದಲ್ಲಿರಬೇಕು. ಇಲ್ಲದಿದ್ದರೆ ತಿದ್ದಿದ ಜಾಗ ತೇಪೆಯಾಗಿ ಎದ್ದು ಕಾಣುತ್ತದೆ, ಪೋಸ್ಟರ್‌ನವನು ಮೊದಲು ಅಂಟಿಸುವುದು ಅಲ್ಲೇ.