ಜನರೇ ವಿಡಿಯೊ ಮಾಡುವಾಗ ವರದಿಗಾರರು ಯಾಕೆ ಬೇಕು?

ಪ್ರಶ್ನೆ: ಅಪಘಾತ ಆಗಲಿ, ಮನೆಗಳಿಗೆ ಮಳೆ ನೀರು ನುಗ್ಗಲಿ, ಜನರೇ ಮೊಬೈಲಲ್ಲಿ ಹಿಡಿದು ಹಾಕುತ್ತಾರೆ. ಟಿವಿಯವರೂ ಅದನ್ನೇ ತೋರಿಸುತ್ತಾರೆ. ಇನ್ನು ವರದಿಗಾರರಿಗೆ ಏನು ಕೆಲಸ?

ಉತ್ತರ: ಮೊದಲ ಚಿತ್ರ ತರುವ ಕೆಲಸ ಅವರ ಕೈ ತಪ್ಪಿದೆ, ನಿಜ. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಆರು ಗಂಟೆಯೊಳಗೆ ಬಿಬಿಸಿಗೆ ಜನರಿಂದ ಸಾವಿರಕ್ಕೂ ಜಾಸ್ತಿ ಫೋಟೊ ಬಂದಿದ್ದವು.

ಕೆಲವು ಸಲ ಜನರ ವಿಡಿಯೊ ಇಲ್ಲದಿದ್ದರೆ ಸತ್ಯವೇ ಮುಚ್ಚಿಹೋಗುತ್ತದೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ಹಿಡಿದಿದ್ದ ಜಾರ್ಜ್ ಫ್ಲಾಯ್ಡ್ ಎಂಬ ವ್ಯಕ್ತಿ ಸತ್ತಾಗ, ಆರೋಗ್ಯ ಕೆಟ್ಟು ಸತ್ತರು ಎಂಬ ಧಾಟಿಯಲ್ಲಿ ಪೊಲೀಸರ ಮೊದಲ ಹೇಳಿಕೆ ಬಂತು. ಫ್ಲಾಯ್ಡ್ ಕುತ್ತಿಗೆ ಮೇಲೆ ಪೊಲೀಸ್ ಅಧಿಕಾರಿ ಊರಿದ್ದ ಮೊಣಕಾಲಿನ ಮಾತೇ ಅದರಲ್ಲಿರಲಿಲ್ಲ. ಅದನ್ನು ಜಗತ್ತಿಗೆ ತೋರಿಸಿದ್ದು ಅಲ್ಲೇ ನಿಂತು ಮೊಬೈಲ್ ಹಿಡಿದಿದ್ದ 17 ವರ್ಷದ ಹುಡುಗಿ, ಡಾರ್ನೆಲ್ಲಾ ಫ್ರೇಜರ್. ಮರುವರ್ಷ, ಪತ್ರಿಕೋದ್ಯಮಕ್ಕೆ ಪ್ರಶಸ್ತಿ ಕೊಡುವ ಅಮೆರಿಕದ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಗೌರವ ಕೊಟ್ಟಿತು. 'ಪೊಲೀಸರು ತಿಳಿಸಿದ್ದಾರೆ' ಅಂತ ಬರೆದು ಸುಮ್ಮನಾಗುವುದು ಈಗ ಯಾವ ಪತ್ರಿಕೆಗೂ ಸುಲಭವಲ್ಲ. ಇದು ತುಂಬಾ ಒಳ್ಳೆಯದೇ ಆಯಿತು.

ಆದರೆ ವಿಡಿಯೊ ತಾನು ಎಲ್ಲಿಯದು, ಯಾವತ್ತಿನದು ಅಂತ ಹೇಳುವುದಿಲ್ಲ ಅಲ್ವಾ? 2018ರ 'ಮಕ್ಕಳ ಕಳ್ಳರ' ವಿಡಿಯೊ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಜಾಗೃತಿಗೆಂದು ಮಾಡಿದ್ದು. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಒಂದು ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನೇ ಕತ್ತರಿಸಿ ತೆಗೆದು, ಉಳಿದದ್ದನ್ನು ಯಾರೋ ಹಂಚಿದರು. ಅದೇ ವರ್ಷ ಜುಲೈನಲ್ಲಿ, ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರನ್ನು ವಾಟ್ಸ್‌ಆ್ಯಪ್ ಸುದ್ದಿ ನಂಬಿದ ಜನ ಮುರ್ಕಿಯಲ್ಲಿ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಜೀವ ಕಳೆದುಕೊಂಡ.

ವರದಿಗಾರರ ಕೆಲಸ ಉಳಿದಿರುವುದು ಇಲ್ಲೇ. ಅಂಗಡಿ ಬೋರ್ಡ್ ಯಾವ ಭಾಷೆಯದು, ಗಾಡಿ ನಂಬರ್ ಯಾವ ರಾಜ್ಯದ್ದು ಅಂತ ನೋಡಬೇಕು. ಕಳಿಸಿದವರಿಗೆ ಫೋನ್ ಮಾಡಿ, "ನೀವೇ ತೆಗೆದದ್ದಾ? ಎಲ್ಲಿ ನಿಂತಿದ್ರಿ? ಅದಕ್ಕೆ ಮುಂಚೆ ಏನಾಯ್ತು?" ಅಂತ ಕೇಳಬೇಕು. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಅದಕ್ಕೆ ಎರಡು ತಾಸು ಹಿಡಿದರೆ ಹಿಡಿಯಲಿ. ಇದ್ಯಾವುದನ್ನೂ ಮಾಡದೆ ವೈರಲ್ ಆದದ್ದನ್ನೇ ತಿರುಗಿಸಿ ಹಾಕುವ ಚಾನೆಲ್‌ಗಳ ಮೇಲೆ ನಿಮಗೆ ಸಿಟ್ಟಿದ್ದರೆ ಅದು ಸರಿಯಾಗಿಯೇ ಇದೆ.

ನೀವೇ ವಿಡಿಯೊ ಮಾಡಿದರೆ ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ಬಸ್ ಸ್ಟಾಪೋ ಅಂಗಡಿ ಬೋರ್ಡೋ ಕಾಣುವ ಹಾಗೆ ಹಿಡಿಯಿರಿ. ವಾಟ್ಸ್‌ಆ್ಯಪ್‌ನಲ್ಲಿ ವರದಿಗಾರರಿಗೆ ಕಳಿಸುವಾಗ 'ಡಾಕ್ಯುಮೆಂಟ್' ಅಂತ ಆರಿಸಿ. ಸುಮ್ನೆ ಗ್ಯಾಲರಿಯಿಂದ ಕಳಿಸಿದರೆ, ಯಾವತ್ತು, ಎಲ್ಲಿ ತೆಗೆದದ್ದು ಎಂಬ ಮಾಹಿತಿ ಅಳಿಸಿಹೋಗುತ್ತದೆ.