ಮುನ್ನೂರು ವರ್ಷದ ಬೀದಿಯನ್ನು ಹೊಸದಾಗಿ ಕಟ್ಟುವುದು

ಥೀಮ್ ಪಾರ್ಕ್ ಮಾಡಬೇಕು ಅಂತ ನನ್ನ ಬಳಿ ಬರುವವರು ಮೊದಲು ಕೇಳುವುದು ರೈಡ್‌ಗಳ ಬಗ್ಗೆ. ಎಷ್ಟು ಹಾಕಬಹುದು, ಎಲ್ಲಿಂದ ತರಿಸಬೇಕು, ಗಂಟೆಗೆ ಎಷ್ಟು ಜನ ಹತ್ತಿ ಇಳಿಯುತ್ತಾರೆ? ನಾನು ಅವರಿಗೆ ಮೊದಲು ತೋರಿಸುವುದು ಒಂದೂ ರೈಡ್ ಇಲ್ಲದ ಜಾಗವನ್ನು. ಅಮೆರಿಕದ ಫ್ಲಾರಿಡಾದಲ್ಲಿ, ವಾಲ್ಟ್ ಡಿಸ್ನಿ ವರ್ಲ್ಡ್‌ನೊಳಗಿನ ಎಪ್ಕಾಟ್ ಪಾರ್ಕಿನಲ್ಲಿರುವ ಯುನೈಟೆಡ್ ಕಿಂಗ್‌ಡಮ್ ವಿಭಾಗ ಅದು. ಪಾರ್ಕ್ ಬಾಗಿಲು ತೆರೆದದ್ದು 1982ರ ಅಕ್ಟೋಬರ್ 1ರಂದು. ಸುತ್ತಮುತ್ತ ಏನೆಲ್ಲ ಬದಲಾದರೂ ಈ ವಿಭಾಗ ಇದುವರೆಗೆ ಒಂದು ಬೀದಿ, ಒಂದು ಪಬ್, ಹಿಂದೊಂದು ತೋಟ, ಇಷ್ಟರಲ್ಲೇ ಜನರನ್ನು ಹಿಡಿದಿಟ್ಟುಕೊಂಡಿದೆ.

ಮೊದಲ ಯೋಜನೆಯಲ್ಲಿ ಈ ಬೀದಿ ಇರಲೇ ಇಲ್ಲ. 1970ರ ದಶಕದ ನಡುವೆ ವರ್ಲ್ಡ್ ಶೋಕೇಸ್ ಎಂಬ ಹೆಸರಲ್ಲಿ ಪ್ರಕಟವಾದದ್ದು ಎದುರುಬದುರಾದ ಎರಡು ಅರ್ಧವೃತ್ತದ ಕಟ್ಟಡಗಳು. ಅದರಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಪಾಲು, ಮುಂಭಾಗದ ಅಗಲ ಎಲ್ಲರಿಗೂ ಸಮ. ಭವಿಷ್ಯದ ತಂತ್ರಜ್ಞಾನದ ಪಾರ್ಕಿಗೆ ಬೇರೆಯದೇ ಯೋಜನೆ ಇತ್ತು. ಎರಡರ ಮಾದರಿಗಳನ್ನೂ ಮೇಜಿನ ಮೇಲೆ ಒಂದಕ್ಕೊಂದು ತಾಗುವಂತೆ ತಳ್ಳಿದಾಗ ಇಂದಿನ ಎಪ್ಕಾಟ್ ಹುಟ್ಟಿತು ಅಂತ ಡಿಸ್ನಿಯ ವಿನ್ಯಾಸ ತಂಡದ ಮಾರ್ಟಿ ಸ್ಕ್ಲಾರ್, ಜಾನ್ ಹೆಂಚ್ ಅವರ ಬಗ್ಗೆ ಹೇಳುವ ಕಥೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಕೊನೆಗೆ ಒಂದು ದೊಡ್ಡ ಕೆರೆ, ಅದರ ಸುತ್ತ ಸುಮಾರು 2 ಕಿಲೋಮೀಟರ್ ನಡಿಗೆ ದಾರಿ, ದಾರಿಯುದ್ದಕ್ಕೂ ಒಂದೊಂದು ದೇಶ ಅಂತಾಯಿತು.

ಸರ್ಕಾರಗಳೇ ದುಡ್ಡು ಹಾಕುತ್ತವೆ ಎಂಬ ನಿರೀಕ್ಷೆ ಬಹುಮಟ್ಟಿಗೆ ಕೈಗೂಡಲಿಲ್ಲ. 1984ರಲ್ಲಿ ಸೇರಿದ ಮೊರಾಕೊಗೆ ಮಾತ್ರ ಅಲ್ಲಿನ ದೊರೆ ಎರಡನೇ ಹಸನ್ ತಮ್ಮ ಕುಶಲಕರ್ಮಿಗಳನ್ನು ಕಳಿಸಿಕೊಟ್ಟರು. ಬ್ರಿಟನ್ ಪಾಲಿಗೆ ಮುಂದೆ ಬಂದದ್ದು ಕಂಪನಿಗಳು: ಪಬ್‌ಗೆ ಬಾಸ್ ಬಿಯರ್, ಪಿಂಗಾಣಿಗೆ ರಾಯಲ್ ಡೌಲ್ಟನ್, ಉಣ್ಣೆ ಬಟ್ಟೆಗೆ ಪ್ರಿಂಗಲ್ ಆಫ್ ಸ್ಕಾಟ್ಲೆಂಡ್, ಚಹಾಕ್ಕೆ ಟ್ವೈನಿಂಗ್ಸ್. ದುಡ್ಡು ಕೊಟ್ಟವರೆಲ್ಲ ವ್ಯಾಪಾರಿಗಳು, ಹಾಗಾಗಿ ಈ ವಿಭಾಗ ಅಂಗಡಿ ಬೀದಿಯಾಗಿ ರೂಪುಗೊಂಡದ್ದು ಸಹಜವೇ. ವಿನ್ಯಾಸಕಾರರ ಹೆಚ್ಚುಗಾರಿಕೆ ಎಂದರೆ, ಆ ಅಂಗಡಿಗಳ ಸಾಲನ್ನೇ ಅವರು ಬ್ರಿಟನ್ನಿನ ಕಟ್ಟಡ ಚರಿತ್ರೆಯನ್ನಾಗಿ ಮಾಡಿದರು.

ಆ ಬೀದಿಯಲ್ಲಿ ನಿಧಾನವಾಗಿ ನಡೆದರೆ ಇದು ಗೊತ್ತಾಗುತ್ತದೆ. ಒಂದು ಕಡೆ ಹುಲ್ಲಿನ ಮಾಡಿನ ತಗ್ಗು ಮನೆ, ಚಹಾ ಅಂಗಡಿ. ಶೇಕ್ಸ್‌ಪಿಯರನ ಹೆಂಡತಿ ಆನ್ ಹ್ಯಾಥವೇ ಹುಟ್ಟಿ ಬೆಳೆದ, ಸ್ಟ್ರಾಟ್‌ಫರ್ಡ್ ಹತ್ತಿರದ ಮನೆ ಅದಕ್ಕೆ ಮಾದರಿ. ಮುಂದೆ ಮರದ ಚೌಕಟ್ಟಿನ ಕಪ್ಪು-ಬಿಳಿ ಮನೆಗಳು. ಅವುಗಳ ಮಾಳಿಗೆ ಕೆಳಗಿನ ಗೋಡೆಗಿಂತ ಹೊರಗೆ ಚಾಚಿಕೊಂಡಿದೆ, ತೊಲೆಗಳು ಸ್ವಲ್ಪ ವಾಲಿವೆ. ಆಮೇಲೆ ಗಾರೆಯ ಮನೆ, ಕಲ್ಲಿನ ಮನೆ, ಕೊನೆಗೆ ವಿಕ್ಟೋರಿಯಾ ಕಾಲದ ಕೆಂಪು ಇಟ್ಟಿಗೆ. ಇನ್ನೊಂದು ಮಗ್ಗುಲಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಇಟ್ಟಿಗೆ ಕೆಲಸವನ್ನು ನೆನಪಿಸುವ ಗೋಡೆ, ಕಾದಂಬರಿಕಾರ ವಾಲ್ಟರ್ ಸ್ಕಾಟನ ಅಬಟ್ಸ್‌ಫರ್ಡ್ ಮನೆಯ ಚಹರೆಯ ಕೋಟೆಯಂಥ ಮುಖ. ಮುನ್ನೂರಕ್ಕೂ ಹೆಚ್ಚು ವರ್ಷ ಕೆಲವೇ ನಿಮಿಷಗಳ ನಡಿಗೆಯಲ್ಲಿ ಮುಗಿಯುತ್ತದೆ.

ಈ ಕ್ರಮ ಬರೀ ಅಲಂಕಾರಕ್ಕೆ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೊಯ್ದು ಚೌಕಟ್ಟು ಜೋಡಿಸುತ್ತಿದ್ದರು, ಹಸಿ ಮರಕ್ಕೆ ಉಳಿ ಸಲೀಸಾಗಿ ಇಳಿಯುತ್ತದೆ. ಮನೆ ನಿಂತ ಮೇಲೆ ಮರ ವರ್ಷಗಟ್ಟಲೆ ಒಣಗುತ್ತಾ ತಿರುಚಿಕೊಳ್ಳುತ್ತದೆ, ಆ ಮನೆಗಳ ಓರೆಕೋರೆಗೆ ಇದು ಮುಖ್ಯ ಕಾರಣ. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಹೊಸ ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲೇ ಕಟ್ಟಬೇಕೆಂದು ಮರುವರ್ಷ ಕಾಯ್ದೆ ಬಂತು. ಮರದಿಂದ ಇಟ್ಟಿಗೆಗೆ ತಿರುಗುವ ಆ ಬೀದಿಯ ತಿರುವಿನ ಹಿಂದೆ ಆ ಬೆಂಕಿಯಿದೆ. ಚಿಮಣಿಗಳಿಗೆ ಬಳಿದ ಮಸಿಯ ಹಿಂದೆ ಕಲ್ಲಿದ್ದಲಿದೆ. ಪ್ರವಾಸಿಗೆ ಇದೆಲ್ಲ ಗೊತ್ತಿರಬೇಕಿಲ್ಲ, ಆದರೆ ವಿನ್ಯಾಸಕಾರರಿಗೆ ಗೊತ್ತಿರಲೇಬೇಕು. ಕಾರಣ ತಿಳಿಯದೆ ಓರೆ ಗೆರೆ ಎಳೆದರೆ ಮನೆ ಹಳತಾಗಿ ಕಾಣುವುದಿಲ್ಲ, ಕೆಟ್ಟದಾಗಿ ಕಟ್ಟಿದಂತೆ ಕಾಣುತ್ತದೆ. ನಮ್ಮಲ್ಲಿ ರೆಸಾರ್ಟ್‌ಗಳ ಎಷ್ಟೋ 'ಯುರೋಪಿಯನ್ ಬೀದಿ'ಗಳು ಸೋಲುವುದು ಇಲ್ಲಿಯೇ.

ಹುಲ್ಲಿನ ಮಾಡಿನ ವಿಷಯಕ್ಕೆ ಬರುತ್ತೇನೆ, ಅದು ನನಗೆ ಬಹಳ ಇಷ್ಟವಾದ ವಿವರ. ದಿನವೂ ಸಾವಿರಾರು ಜನ ಓಡಾಡುವಲ್ಲಿ ಒಣ ಹುಲ್ಲು ಹೊದಿಸಿದರೆ ಬೆಂಕಿಯ ಭಯ. ಮೇಲಾಗಿ ಫ್ಲಾರಿಡಾದ ಮಳೆ, ಸೆಕೆ, ಚಂಡಮಾರುತದ ಗಾಳಿ. ಅವರು ಬಳಸಿದ್ದು ಪೊರಕೆಗೆ ಹಾಕುವಂಥ ಪ್ಲಾಸ್ಟಿಕ್ ಎಳೆಗಳನ್ನು. ದಪ್ಪ ಹೊದಿಕೆಯಾಗಿ ಜೋಡಿಸಿ ಸೂರಿನ ಅಂಚನ್ನು ಕತ್ತರಿಸಿದಂತೆ ಸಮ ಮಾಡಿರುವುದರಿಂದ ಕೆಳಗೆ ನಿಂತವರ ಕಣ್ಣಿಗೆ ಅದು ಹುಲ್ಲೇ. ಹುಲ್ಲಿನ ಮಾಡಿಗೆ ಮುಖ್ಯವಾದದ್ದು ದಪ್ಪ, ಅಂಚಿನ ಕತ್ತರಿ ಗುರುತು, ಬೆಳಕು ಎಳೆಗಳ ನಡುವೆ ಸಿಕ್ಕಿಬೀಳುವ ರೀತಿ. ಈ ಮೂರನ್ನು ಉಳಿಸಿಕೊಂಡು ವಸ್ತುವನ್ನು ಬದಲಿಸಿದರು. ಅನುಕರಣೆಯ ಕೆಲಸದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸುವುದೇ ಅರ್ಧ ಕೆಲಸ.

ಇನ್ನರ್ಧ ಬಣ್ಣದವರ ಕೈಯಲ್ಲಿದೆ. ಹೊಸ ಗೋಡೆಗೆ ವಯಸ್ಸು ತರಿಸುವುದು ಒಂದು ಪ್ರತ್ಯೇಕ ಕಸುಬು. ನಮ್ಮ ಸೈಟ್‌ಗಳಲ್ಲಿ ಒಳ್ಳೆಯ ಪೇಂಟರ್‌ಗಳಿದ್ದಾರೆ, ಆದರೆ 'ಹಳೇದು ಕಾಣಬೇಕು' ಅಂದ ಕೂಡಲೇ ತೆಳು ಕಂದು ಬಣ್ಣವನ್ನು ಗೋಡೆ ತುಂಬ ಒಂದೇ ಸಮ ಒರೆಸಿಬಿಡುತ್ತಾರೆ. ಒಮ್ಮೆ ಹೀಗೇ ಒಬ್ಬ ಹಿರಿಯ ಪೇಂಟರನ್ನು ಬೆಂಗಳೂರಿನ ಮೇಯೋ ಹಾಲ್ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ನೋಡಿ ಅವರು ಅಂದರು, "ಮೇಡಂ, ನೀರು ಇಳಿದಿರೋ ಕಡೆ ಮಾತ್ರ ಕಪ್ಪಾಗಿದೆ ಅಲ್ವಾ?" ಅಷ್ಟೇ ಬೇಕಾಗಿತ್ತು. ಕೊಳೆ ನೀರಿನ ದಾರಿ ಹಿಡಿಯುತ್ತದೆ. ಕಿಟಕಿಯ ಕೆಳಪಟ್ಟಿಯ ಎರಡು ತುದಿಯಿಂದ ಇಳಿಯುತ್ತದೆ, ಸಜ್ಜಾದ ಕೆಳಗೆ ಗೋಡೆ ಸ್ವಚ್ಛವಾಗಿರುತ್ತದೆ, ನೆಲದಿಂದ ಒಂದಡಿ ಎತ್ತರಕ್ಕೆ ಮಳೆ ಹನಿ ಚಿಮ್ಮಿದ ಕಲೆ. ಬಿಸಿಲು ಬೀಳದ ಮಗ್ಗುಲಲ್ಲಿ ಪಾಚಿ. ಬಾಗಿಲಿನ ಬಣ್ಣ ಸವೆಯುವುದು ಕೈ ತಾಗುವ ಎತ್ತರದಲ್ಲಿ, ಮೆಟ್ಟಿಲು ಸವೆಯುವುದು ನಡುವೆ. ಅವರು ಆಮೇಲೆ ಮಾಡಿದ ಗೋಡೆಯನ್ನು ಇವತ್ತಿಗೂ ಹೊಸಬರಿಗೆ ತೋರಿಸುತ್ತೇನೆ.

ಆದರೆ ಇಲ್ಲೊಂದು ತೊಡಕಿದೆ. ಬರೆದ ಕಲೆಯ ಮೇಲೆ ನಿಜವಾದ ಕಲೆಯೂ ಕೂರುತ್ತದೆ. ಥೀಮ್ ಪಾರ್ಕಿನ ನಿರ್ವಹಣಾ ತಂಡ ನಿಜವಾದದ್ದನ್ನು ತೊಳೆದು ಬರೆದದ್ದನ್ನು ಉಳಿಸಬೇಕು. ಎಪ್ಕಾಟ್‌ನಂಥ ಕಡೆ ಈ ಕೆಲಸ ಬಹುಪಾಲು ಜನ ಹೋದ ಮೇಲೆ, ರಾತ್ರಿ ನಡೆಯುತ್ತದೆ. ನಲವತ್ತು ದಾಟಿದ ಆ ಬೀದಿಗೆ ಈಗ ತನ್ನದೇ ವಯಸ್ಸೂ ಸೇರಿಕೊಂಡಿದೆ. ಯಾವುದನ್ನು ಹೊಸದು ಮಾಡಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನುವುದು ಅಲ್ಲಿ ಪ್ರತಿ ಬಾರಿ ಬಣ್ಣ ಹೊಡೆಯುವಾಗಲೂ ಏಳುವ ಪ್ರಶ್ನೆ. ನಮ್ಮಲ್ಲಿ ಕಟ್ಟಲು ಕೋಟಿಗಟ್ಟಲೆ ಇಟ್ಟವರು ಇದಕ್ಕೆ ಬಜೆಟ್ಟೇ ಇಡುವುದಿಲ್ಲ. ಮೂರನೇ ಮಳೆಗಾಲಕ್ಕೆ ಫೈಬರ್ ಕಂಬ ಫೈಬರ್ ಕಂಬವಾಗಿಯೇ ಕಾಣತೊಡಗುತ್ತದೆ.

ಪಬ್‌ನ ವಿಚಾರ. ರೋಸ್ ಅಂಡ್ ಕ್ರೌನ್ ನಡಿಗೆ ದಾರಿಯ ಕೆರೆ ಬದಿಯಲ್ಲಿದೆ, ಉಳಿದ ಬೀದಿ ಇನ್ನೊಂದು ಬದಿಯಲ್ಲಿ. ಹೀಗಾಗಿ ಕೆರೆ ಸುತ್ತುವವರು ಬ್ರಿಟನ್ನಿನ ಮುಂದೆ ಹಾದುಹೋಗುವುದಿಲ್ಲ, ಬ್ರಿಟನ್ನಿನ ನಡುವೆ ಹಾದುಹೋಗುತ್ತಾರೆ. ಒಳಗೆ ಹೋಗಲು ಮನಸ್ಸು ಮಾಡದವರೂ ಒಳಗೆ ಬಂದಾಗಿರುತ್ತದೆ. ಪಬ್ ಒಂದೇ ಆದರೂ ಅದಕ್ಕೆ ಹಲವು ಮುಖ: ಹಳ್ಳಿಯ ಪಬ್, 1890ರ ದಶಕದ ನಗರದ ಪಬ್, ನದಿ ದಂಡೆಯ ಪಬ್, ಜೊತೆಗೆ ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಲ್ಲಿ 1667ರಲ್ಲಿ ಮತ್ತೆ ಕಟ್ಟಿದ ಚೆಶೈರ್ ಚೀಸ್ ಪಬ್‌ನ ನೆರಳು. ಬೀದಿಯ ಅಂಗಡಿಗಳಲ್ಲೂ ಇದೇ ಉಪಾಯ. ಹೊರಗಿನಿಂದ ಬೇರೆ ಬೇರೆ ಮನೆಗಳು, ಒಳಗೆ ಒಂದರಿಂದ ಇನ್ನೊಂದಕ್ಕೆ ದಾರಿ. ಫ್ಲಾರಿಡಾದ ಮಳೆ ಹಿಡಿದುಕೊಂಡಾಗ ಇದರ ಬೆಲೆ ತಿಳಿಯುತ್ತದೆ.

ಕಟ್ಟಿದವರು ಅಂದುಕೊಂಡಿರದ ದೊಡ್ಡ ಬದಲಾವಣೆ 1990ರಲ್ಲಿ ಆಯಿತು. ಬ್ರಿಟನ್ ಮತ್ತು ಫ್ರಾನ್ಸ್ ವಿಭಾಗಗಳ ನಡುವೆ ಒಂದು ಕಾಲುವೆಯಿದೆ. ಇಂಗ್ಲಿಷ್ ಕಾಲುವೆಯ ಪ್ರತಿರೂಪ ಎಂದು ಅದನ್ನು ತೋರಿಸುತ್ತಾರೆ, ಹೋಟೆಲುಗಳ ಕಡೆಯ ದೋಣಿಗಳು ಓಡುವುದೂ ಅಲ್ಲೇ. ಹತ್ತಿರದ ಹೊಸ ಹೋಟೆಲುಗಳಿಗಾಗಿ ಆ ಕಾಲುವೆಯ ಪಕ್ಕದಲ್ಲಿ ಪಾರ್ಕಿಗೆ ಎರಡನೆಯ ಬಾಗಿಲು ತೆರೆದರು. 2019ರ ಸೆಪ್ಟೆಂಬರ್‌ನಲ್ಲಿ ಸ್ಕೈಲೈನರ್ ಎಂಬ ಕೇಬಲ್ ಕಾರು ಕೂಡ ಅಲ್ಲಿಗೇ ಬಂತು. ಮುಖ್ಯ ಬಾಗಿಲಿನಿಂದ ದೂರದಲ್ಲಿ, ಅರ್ಧ ದಿನ ಕಳೆದ ಮೇಲೆ ಸಿಗಬೇಕಾಗಿದ್ದ ಬೀದಿ ಎಷ್ಟೋ ಜನಕ್ಕೆ ಪಾರ್ಕಿನ ಮೊದಲ ನೋಟವಾಯಿತು. ಯಾವ ಕಡೆಯಿಂದ ನೋಡುತ್ತಾರೆ ಅನ್ನುವುದರ ಮೇಲೆ ಇಡೀ ವಿನ್ಯಾಸ ನಿಂತಿರುವ ಈ ಕೆಲಸದಲ್ಲಿ, ಬಾಗಿಲು ಬದಲಾದರೆ ಎಲ್ಲವನ್ನೂ ಮತ್ತೆ ಅಳೆಯಬೇಕಾಗುತ್ತದೆ. ಮೇಲಿನಿಂದ ಬರುವವರಿಗೆ ಛಾವಣಿಯೂ ಮುಖವೇ.

ಗೋಡೆಗಳಿಗಿಂತ ಹೆಚ್ಚು ಕೆಲಸ ಮಾಡುವುದು ಅಲ್ಲಿನ ಸಿಬ್ಬಂದಿ. ಪಬ್‌ನಲ್ಲಿ ಬಿಯರ್ ಸುರಿದುಕೊಡುವವರು, ಚಹಾ ಅಂಗಡಿಯಲ್ಲಿ ನಿಲ್ಲುವವರು ಬ್ರಿಟನ್ನಿನಿಂದಲೇ ಬಂದ ಯುವಕ ಯುವತಿಯರು, ಎದೆಯ ಮೇಲಿನ ಬಿಲ್ಲೆಯಲ್ಲಿ ಅವರ ಊರಿನ ಹೆಸರಿರುತ್ತದೆ. ಇಂಥವರಿಗಾಗಿ 1990ರ ಅಮೆರಿಕದ ವಲಸೆ ಕಾಯ್ದೆ ಕ್ಯೂ ಎಂಬ ಸಾಂಸ್ಕೃತಿಕ ವಿನಿಮಯ ವೀಸಾ ತಂದಿತು, ಹೆಚ್ಚೆಂದರೆ 15 ತಿಂಗಳಿಗೆ. ಜನ ಅದನ್ನು ಡಿಸ್ನಿ ವೀಸಾ ಅಂತಲೇ ಕರೆದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಪಾರ್ಕ್ ಮುಚ್ಚಿದಾಗ ಅವರೆಲ್ಲ ಊರಿಗೆ ಮರಳಬೇಕಾಯಿತು. ಜುಲೈನಲ್ಲಿ ಪಾರ್ಕ್ ತೆರೆದಾಗ ಗೋಡೆ, ಕಿಟಕಿ, ಕೆಂಪು ಟೆಲಿಫೋನ್ ಪೆಟ್ಟಿಗೆ ಎಲ್ಲ ಇದ್ದವು, ಆ ಮಾತಿನ ಧಾಟಿ ಇರಲಿಲ್ಲ. ಗ್ಲಾಸ್ಗೋದ ಹುಡುಗಿ ಮತ್ತು ಕಾರ್ಡಿಫ್‌ನ ಹುಡುಗ ಇಂಗ್ಲಿಷನ್ನು ಎರಡು ರೀತಿ ಆಡುವುದನ್ನು ಕೇಳಿಸಿಕೊಳ್ಳುವುದು ಯಾವ ಅಲಂಕಾರಕ್ಕಿಂತಲೂ ಹೆಚ್ಚು ಎಂದು ನಾನು ನಂಬಿದ್ದೇನೆ.

ಒಂದು ತಕರಾರು ನನಗಿದೆ. ಇಲ್ಲಿರುವ ಬ್ರಿಟನ್ ಪಬ್ಬು, ತೋಟ, ಚಹಾದ ಬ್ರಿಟನ್. ಮ್ಯಾಂಚೆಸ್ಟರಿನ ಗಿರಣಿಗಳಿಲ್ಲ, ಲಿವರ್‌ಪೂಲಿನ ಹಡಗುಕಟ್ಟೆಯಿಲ್ಲ, ಸೌತ್‌ಹಾಲ್‌ನ ಪಂಜಾಬಿ ಅಂಗಡಿಗಳಿಲ್ಲ. ಟ್ವೈನಿಂಗ್ಸ್ 1706ರಲ್ಲಿ ಲಂಡನ್ನಿನಲ್ಲಿ ಚಹಾ ಮಾರಲು ಶುರುಮಾಡಿದಾಗ ಎಲೆ ಬರುತ್ತಿದ್ದದ್ದು ಚೀನಾದಿಂದ. ಆಮೇಲೆ ಅಸ್ಸಾಂ, ಡಾರ್ಜಿಲಿಂಗ್ ತೋಟಗಳಿಂದ. ಹುಲ್ಲಿನ ಮಾಡಿನ ಆ ಅಂಗಡಿಯ ಡಬ್ಬಗಳ ಮೇಲೆ ಆ ಊರುಗಳ ಹೆಸರಿವೆ, ಗೋಡೆಗಳಲ್ಲಿ ಆ ಕಥೆಯಿಲ್ಲ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಅಲ್ಲಿ ಅಡ್ಡಾಡುವ ನಮ್ಮ ತಂದೆತಾಯಂದಿರಿಗೆ ಬ್ರಿಟನ್ ಅಂದರೆ ದಂಡು ಪ್ರದೇಶ, ರೈಲು, ರೆಸಿಡೆನ್ಸಿ. ಅವರು ಕಂಡ ಬ್ರಿಟನ್ನಿಗೂ ಈ ಬೀದಿಗೂ ನಡುವೆ ದೊಡ್ಡ ಅಂತರವಿದೆ. ಸಂಭ್ರಮದ ಜಾಗದಲ್ಲಿ ಇಡೀ ಚರಿತ್ರೆ ಹೇಳಲಾಗದು, ಒಪ್ಪುತ್ತೇನೆ. ಆದರೆ ಬೀದಿ 19ನೇ ಶತಮಾನಕ್ಕೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ಕೆಂಪು ಟೆಲಿಫೋನ್ ಪೆಟ್ಟಿಗೆ 20ನೇ ಶತಮಾನದ್ದೇ ಅಲ್ಲವೇ, ಅದು ಬಂದಿದೆ.

ಬೀದಿಯನ್ನು ಬೆಳೆಸುವ ಪ್ರಯತ್ನ ನಡೆಯಿತು. 2019ರ ಆಗಸ್ಟ್‌ನಲ್ಲಿ ಮೇರಿ ಪಾಪಿನ್ಸ್ ಎಂಬ ಲಂಡನ್ನಿನ ಮಾಯಗಾತಿ ದಾದಿಯ ಕಥೆ ಆಧಾರಿತ ಆಕರ್ಷಣೆಯೊಂದನ್ನು ಇಲ್ಲಿ ಕಟ್ಟುವುದಾಗಿ ಡಿಸ್ನಿ ಪ್ರಕಟಿಸಿತು. ಆ ಕಥೆಯ ಚೆರಿ ಟ್ರೀ ಲೇನ್ ಎಂಬ ಬೀದಿಯಲ್ಲಿ ನಡೆದು 17ನೇ ನಂಬರಿನ ಮನೆಯೊಳಗೆ ಹೋಗುವುದು ಕಲ್ಪನೆ. ಮರುವರ್ಷ ಕೊರೊನಾ ಬಂದು ಯೋಜನೆ ನಿಂತಿತು. ನೆರೆಮನೆಯ ಫ್ರಾನ್ಸ್‌ನಲ್ಲಿ ರ‍್ಯಾಟಟೂಯಿ ರೈಡ್ 2021ರ ಅಕ್ಟೋಬರ್ 1ರಂದು ತೆರೆಯಿತು.

ಈ ಯೋಜನೆ ಮತ್ತೆ ಎದ್ದರೆ ನಾನು ಮೊದಲು ನೋಡುವುದು ಅಡ್ಡಕೊಯ್ತದ ನಕ್ಷೆಯನ್ನು, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಎತ್ತರ ತೋರಿಸುವ ಚಿತ್ರವನ್ನು. ಒಳಾಂಗಣ ರೈಡ್ ಅಂದರೆ ಕಿಟಕಿಯಿಲ್ಲದ ದೊಡ್ಡ ಡಬ್ಬ. ಪಕ್ಕದ ಫ್ರಾನ್ಸ್ ವಿಭಾಗದಲ್ಲಾದರೆ ಪ್ಯಾರಿಸ್ಸಿನ ಹಲವು ಮಹಡಿಯ ಮನೆಗಳ ಹಿಂದೆ ಅಂಥ ಡಬ್ಬವನ್ನು ಅಡಗಿಸಬಹುದು. ಸೂರು ತಲೆಗೆ ತಾಗುವಷ್ಟು ತಗ್ಗಿರುವ ಹುಲ್ಲಿನ ಮಾಡಿನ ಹಿಂದೆ ಅಡಗಿಸುವುದು ಹೇಗೆ? ನೆಲ ಅಗೆದು ತಗ್ಗಿಸೋಣ ಅಂದರೆ ಫ್ಲಾರಿಡಾದಲ್ಲಿ ಅಂತರ್ಜಲ ತೀರ ಮೇಲಿದೆ. ಮರಗಳ ಸಾಲಿನಿಂದ ಮುಚ್ಚೋಣ ಅಂದರೆ ಅವು ಬೆಳೆಯಲು ಹತ್ತಾರು ವರ್ಷ, ಕೇಬಲ್ ಕಾರಿನಿಂದ ನೋಡುವವರಿಗೆ ಅದೂ ಸಾಲದು. ನನ್ನ ಲೆಕ್ಕದಲ್ಲಿ ಉಳಿಯುವ ದಾರಿ ಒಂದೇ: ಡಬ್ಬವನ್ನು ಆದಷ್ಟು ಹಿಂದಕ್ಕೆ ತಳ್ಳಿ, ನಡುವೆ ಲಂಡನ್ನಿನ ನಾಲ್ಕು ಮಹಡಿಯ ಸಾಲುಮನೆಗಳ ಇನ್ನೊಂದು ಬೀದಿಯನ್ನೇ ಕಟ್ಟಬೇಕು. ಆಗ ಈಗಿರುವ ತೋಟದ ಸ್ವಲ್ಪ ಭಾಗ ಹೋಗುತ್ತದೆ. ಪೊದೆಗಳ ಸುತ್ತುದಾರಿಯಲ್ಲಿ ಮಕ್ಕಳು ಓಡಾಡುವ, ಸಂಗೀತ ಕೇಳುತ್ತಾ ದೊಡ್ಡವರು ಕಾಲು ಚಾಚಿ ಕೂರುವ ಆ ತೋಟಕ್ಕೆ ಬದಲಾಗಿ ಏನು ಕೊಡುತ್ತೀರಿ ಎಂಬುದಕ್ಕೆ ಉತ್ತರ ಸಿಗುವವರೆಗೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ.